ಹಾರಿದ ಹಕ್ಕಿ, ಹಾರಿಸಿದ ಹಕ್ಕಿ

ಹೊಸ ವರ್ಷದ ಹೊಸ್ತಿಲಲ್ಲಿ ಬಸದಿಗಳ ಆಡಳಿತ ಮಂಡಳಿಗಳೂ ಸಮಾಜದ ವರ್ತಕರೂ ಅಚ್ಚುಹಾಕಿಸಿ ಹಂಚುವ ಕ್ಯಾಲೆಂಡರುಗಳಲ್ಲಿ ತೀರ್ಥಕ್ಷೇತ್ರಗಳ ಚಿತ್ರಗಳ ಜೊತೆಗೆ ಪಕ್ಷಿಗಳ ಚಿತ್ರಗಳೂ ಇರುವುದುಂಟು. ಅವುಗಳಲ್ಲಿ ಜನರಿಗೆ ಬಹುಪ್ರಿಯವಾದುದು ಗೂಡಿನ ಚಿತ್ರ: ಬಾಯ್ತೆರೆದ ಮೂರು ನಾಲ್ಕು ಮರಿಗಳು, ಕೊಕ್ಕಿನಲ್ಲಿ ಗುಟುಕು ಹಿಡಿದ ತಾಯಿ, ಕೆಳಗೆ ಜೀವದಯೆಯನ್ನು ಸಾರುವ ಒಂದು ಸಾಲು. ಅದನ್ನು ಕಂಡ ಮನೆಮಂದಿಯ ಮನಸ್ಸು ಕರಗುತ್ತದೆ. ಆದರೆ ಆ ಚಿತ್ರವನ್ನು ತೆಗೆಯುವ ಹೊತ್ತಿನಲ್ಲಿ ತಾಯಿಹಕ್ಕಿ ಎಷ್ಟು ಬಾರಿ ಗೂಡಿನತ್ತ ಬಂದು, ಮನುಷ್ಯನ ಸುಳಿವು ಕಂಡು, ಗುಟುಕಿನೊಡನೆ ಹಿಂದಿರುಗಿತೆಂಬ ಪ್ರಶ್ನೆ ಸಾಮಾನ್ಯವಾಗಿ ಯಾರಿಗೂ ಹೊಳೆಯುವುದಿಲ್ಲ. ಛಾಯಾಚಿತ್ರಗಳ ವಿಮರ್ಶೆಯೂ ಅದನ್ನು ಕೇಳುವ ಗೋಜಿಗೆ ಹೋಗುವುದು ವಿರಳ. ಬೆಳಕು, ಬಣ್ಣ, ಸಂಯೋಜನೆ, ಸ್ಪಷ್ಟತೆ ಇವಿಷ್ಟನ್ನು ತೂಗಿ ಬೆಲೆಕಟ್ಟುವುದು ರೂಢಿ. ಹೂದಾನಿಯ ಚಿತ್ರಕ್ಕೆ ಈ ತಕ್ಕಡಿ ಸಾಕು. ಚಿತ್ರದ ವಸ್ತು ಭಯವನ್ನೂ ಹಸಿವನ್ನೂ ಉಳ್ಳ ಪಂಚೇಂದ್ರಿಯ ಜೀವಿಯಾಗಿರುವಾಗ ಈ ತಕ್ಕಡಿಗೆ ಇನ್ನೊಂದು ಬಟ್ಟು ಬೇಕಾಗುತ್ತದೆ.

ಹಾರುವ ಹಕ್ಕಿಯ ಛಾಯಾಗ್ರಹಣದ ಇತಿಹಾಸದಲ್ಲಿ ಮೊದಲ ಪುಟಗಳಲ್ಲೇ ಬಂದೂಕು ಕಾಣಿಸಿಕೊಳ್ಳುವುದು ಸ್ವಾರಸ್ಯದ ಸಂಗತಿ. ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೆ (1830-1904) ಹಕ್ಕಿಯ ರೆಕ್ಕೆ ಹೇಗೆ ಬಡಿಯುತ್ತದೆಂಬುದನ್ನು ತಿಳಿಯಲು ಮೊದಮೊದಲು ಪಾರಿವಾಳಗಳ ಮೈಗೆ ಪಟ್ಟಿಕಟ್ಟಿ, ಕೊಳವೆಗಳನ್ನು ಜೋಡಿಸಿ, ರೆಕ್ಕೆಯ ಚಲನೆಯನ್ನು ಯಂತ್ರದ ಮೇಲೆ ಗೀಚಿಸುತ್ತಿದ್ದನು. ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ 1878ರಲ್ಲಿ ತೆಗೆದ ಓಡುವ ಕುದುರೆಯ ಚಿತ್ರಗಳು ಅವನ ಕಣ್ಣು ತೆರೆಸಿದವು. 1882ರಲ್ಲಿ ಅವನೊಂದು ವಿಚಿತ್ರ ಬಂದೂಕನ್ನು ಮಾಡಿಸಿದನು. ನಳಿಗೆಯಲ್ಲಿ ಮಸೂರ, ಮದ್ದುಗುಂಡಿರಬೇಕಾದ ಕಡೆ ತಿರುಗುವ ಗಾಜಿನ ಫಲಕ. ಕುದುರೆಯನ್ನೆಳೆದರೆ ಒಂದು ಸೆಕೆಂಡಿನಲ್ಲಿ 12 ಚಿತ್ರಗಳು, ಒಂದೊಂದಕ್ಕೂ ಸೆಕೆಂಡಿನ 720ನೆಯ ಒಂದು ಭಾಗದಷ್ಟು ಬೆಳಕು. ಇದನ್ನು ಹಿಡಿದು ಅವನು ನೇಪಲ್ಸ್ ನಗರದ ಸಮೀಪ ಕಡಲಹಕ್ಕಿಗಳ ಬೆನ್ನು ಹತ್ತಿದನು. ಹಕ್ಕಿಗಳಿಗೆ ಗುರಿಯಿಡುತ್ತ, ಒಂದನ್ನೂ ಕೊಲ್ಲದೆ, ಬರಿಗೈಯಲ್ಲಿ ಸಂತೋಷದಿಂದ ಮನೆಗೆ ಮರಳುವ ಈ ಮನುಷ್ಯನನ್ನು ಸುತ್ತಲಿನ ಜನ ಮರುಳನೆಂದು ನಕ್ಕರಂತೆ.

ಮಾರೆಯ ಚಿತ್ರಗಳು ಇಂದಿನ ಕಣ್ಣಿಗೆ ಬರಿಯ ನೆರಳುಗಳು. ಕಣ್ಣಿಲ್ಲ, ಗರಿಯಿಲ್ಲ, ಬಣ್ಣವಿಲ್ಲ. ಆದರೂ ಪಾರಿವಾಳದ ಮೈಗೆ ಕಟ್ಟಿದ್ದ ಪಟ್ಟಿ ಅವುಗಳಲ್ಲಿ ಇಲ್ಲ. ಹಕ್ಕಿ ತನ್ನ ಪಾಡಿಗೆ ಹಾರುತ್ತಿದೆ. ಜ್ಞಾನವು ದೂರ ನಿಂತು ಬಂದಿದೆ. ಹಕ್ಕಿಯನ್ನು ಕಟ್ಟದೆ ಹಕ್ಕಿಯನ್ನು ಅರಿಯಬಹುದೆಂಬುದನ್ನು ಆ ಮಸುಕು ಫಲಕಗಳು ತೋರಿಸಿಕೊಟ್ಟವು. ಈ ಕಾರಣಕ್ಕೇ ಅವುಗಳಿಗೆ ಇಂದಿಗೂ ಮೊದಲ ಮರ್ಯಾದೆ ಸಲ್ಲಬೇಕು.

ಇಲ್ಲಿ ಒಂದು ಅಡ್ಡಮಾತನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕವಾಗದು. ಇಂತಹ ಕ್ಷಣಾರ್ಧದ ಚಿತ್ರಣ ಸಾಧ್ಯವಾದುದು 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಸೂಚಿಸಿದ ಜೆಲಾಟಿನ್ ಲೇಪದ ಒಣಫಲಕಗಳಿಂದ. ಜೆಲಾಟಿನ್ ಎಂಬುದು ದನಕರುಗಳ ಎಲುಬು ಮತ್ತು ಚರ್ಮವನ್ನು ಬೇಯಿಸಿ ತೆಗೆದ ಅಂಟು. ಮುಂದೆ ನೂರಕ್ಕೂ ಹೆಚ್ಚು ವರ್ಷ ಜಗತ್ತು ಬಳಸಿದ ಫಿಲ್ಮಿನ ಮೇಲೆಯೂ ಇದೇ ಲೇಪವಿತ್ತು. ಬಸದಿಯ ಪಂಚಕಲ್ಯಾಣದ ಚಿತ್ರಗಳೂ, ಮುನಿಗಳ ವಿಹಾರದ ಚಿತ್ರಗಳೂ ಮೂಡಿದ್ದು ಅದರ ಮೇಲೆಯೇ. ಔಷಧದ ಗುಳಿಗೆಯ ಹೊದಿಕೆಯನ್ನು ವಿಚಾರಿಸಿ ತೆಗೆದುಕೊಳ್ಳುವ ಶ್ರಾವಕರ ಮನೆಗಳಲ್ಲಿಯೂ ಫಿಲ್ಮಿನ ಸುರುಳಿಯನ್ನು ವಿಚಾರಿಸಿದವರು ಕಡಿಮೆ. ಡಿಜಿಟಲ್ ಕ್ಯಾಮೆರಾದಲ್ಲಿ ಆ ಲೇಪವಿಲ್ಲ. ಆದರೆ ಹಳೆಯ ದೋಷ ಹೋದ ಬಾಗಿಲಿನಿಂದಲೇ ಹೊಸ ದೋಷಗಳು ಒಳಬಂದಿವೆ. ಆ ಮಾತು ಮುಂದೆ ಬರುತ್ತದೆ.

ಹಕ್ಕಿಯನ್ನು ಅದರ ಸಹಜ ನೆಲೆಯಲ್ಲಿ ಚಿತ್ರಿಸುವ ಕಲೆಗೆ ಅಡಿಪಾಯ ಹಾಕಿದವರು ಇಂಗ್ಲೆಂಡಿನ ಸೋದರರಾದ ರಿಚರ್ಡ್ ಕೀರ್ಟನ್ ಮತ್ತು ಚೆರಿ ಕೀರ್ಟನ್. 1892ರಲ್ಲಿ ಅವರು ಮೊಟ್ಟೆಗಳಿದ್ದ ಗೂಡೊಂದರ ಚಿತ್ರ ತೆಗೆದರು. 1895ರಲ್ಲಿ ಬ್ರಿಟನ್ನಿನ ಹಕ್ಕಿಗೂಡುಗಳ ಕುರಿತ ಅವರ ಸಚಿತ್ರ ಗ್ರಂಥ ಹೊರಬಂದಿತು. ಅದಕ್ಕೆ ಮೊದಲು ಇಂತಹ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದವರು ಸಾಮಾನ್ಯವಾಗಿ ಕೊಂದು ಹತ್ತಿ ತುಂಬಿದ ಹಕ್ಕಿಯನ್ನು ಮುಂದಿಟ್ಟುಕೊಳ್ಳುತ್ತಿದ್ದರು. ಆ ಕಾಲಕ್ಕೆ ಹೋಲಿಸಿದರೆ ಕೀರ್ಟನ್ ಸೋದರರದು ದೊಡ್ಡ ದಯೆಯೇ ಸರಿ. ಆದರೆ ಹಕ್ಕಿಗೆ ಹೆದರಿಕೆಯಾಗಬಾರದೆಂದು ಅವರು 1900ರ ಸುಮಾರಿಗೆ ಎತ್ತಿನ ನಿಜವಾದ ಚರ್ಮವನ್ನು ಚೌಕಟ್ಟಿಗೆ ಹೊದಿಸಿ, ಅದರ ಹೊಟ್ಟೆಯೊಳಗೆ ಕುಳಿತು ಚಿತ್ರ ತೆಗೆದರು. ಒಂದು ಜೀವದ ನೆಮ್ಮದಿಗಾಗಿ ಇನ್ನೊಂದರ ಚರ್ಮ!

ಈ ಪರಂಪರೆಯ ಶಿಖರವೆಂದರೆ ಎರಿಕ್ ಹಾಸ್ಕಿಂಗ್ (1909-1991). ಹಕ್ಕಿಗಳ ಛಾಯಾಗ್ರಹಣವನ್ನೇ ಜೀವನೋಪಾಯವಾಗಿ ಆರಿಸಿಕೊಂಡ ಮೊದಲಿಗರಲ್ಲಿ ಒಬ್ಬರು. 1937ರಲ್ಲಿ ವೇಲ್ಸ್ ಪ್ರಾಂತದಲ್ಲಿ ರಾತ್ರಿಯ ವೇಳೆ ಟಾನಿ ಗೂಬೆಯ ಗೂಡಿನ ಬಳಿಯ ಮರೆಗುಡಾರಕ್ಕೆ ಹೋಗುವಾಗ, ಆ ಗೂಬೆ ಸದ್ದಿಲ್ಲದೆ ಎರಗಿ ಅವರ ಮುಖಕ್ಕೆ ಉಗುರು ನಾಟಿತು, ಎಡಗಣ್ಣು ಹೋಯಿತು. ಆಗ ಅವರಿಗೆ 27 ವರ್ಷ. ಆಸ್ಪತ್ರೆಯಿಂದ ಹೊರಬಂದವರೇ ಮತ್ತೆ ಗೂಬೆಯ ಚಿತ್ರಕ್ಕೆ ಹೊರಟರು. 1970ರಲ್ಲಿ ಪ್ರಕಟವಾದ ಆತ್ಮಕಥೆಯ ಹೆಸರಿನಲ್ಲಿಯೇ ಕಳೆದ ಕಣ್ಣನ್ನು ನೆನೆದು ನಗಾಡಿದರು. ಈ ಪ್ರಸಂಗವನ್ನು ಛಾಯಾಗ್ರಾಹಕನ ಸಾಹಸದ ಕಥೆಯಾಗಿ ಹೇಳುವುದು ವಾಡಿಕೆ. ಗೂಬೆಯ ಕಡೆಯಿಂದಲೂ ಅದನ್ನೊಮ್ಮೆ ಓದಬೇಕು. ತಮ್ಮ ಗೂಡನ್ನು ಕಾಯುತ್ತಿದ್ದ ಹಕ್ಕಿಗೆ ಕತ್ತಲಲ್ಲಿ ಹತ್ತಿರ ಬರುವ ಎರಡು ಕಾಲಿನ ಆಕೃತಿ ಕಲಾವಿದನೋ ಕಳ್ಳನೋ ತಿಳಿಯದು. ಅದಕ್ಕೆ ಉಳಿದಿದ್ದುದು ಒಂದೇ ಉಪಾಯ, ಅದನ್ನು ಬಳಸಿತು. ಬಹುಪಾಲು ಹಕ್ಕಿಗಳಿಗೆ ಅಂತಹ ಉಗುರುಗಳಿಲ್ಲ. ಅವು ಸುಮ್ಮನೆ ದೂರದ ಕೊಂಬೆಯಲ್ಲಿ ಕುಳಿತು ಕೂಗುತ್ತವೆ, ಕ್ಯಾಮೆರಾ ಹಿಡಿದವನು ಅದನ್ನು ಹಾಡೆಂದು ತಿಳಿಯುತ್ತಾನೆ.

ಹಾಸ್ಕಿಂಗ್ ಅವರ ಅತಿ ಪ್ರಸಿದ್ಧ ಚಿತ್ರ 1948ರದು: ಕಣಜಗೂಬೆಯೊಂದು ರೆಕ್ಕೆಗಳನ್ನು ಮೇಲೆತ್ತಿ ಹರಡಿ, ಕೊಕ್ಕಿನಲ್ಲಿ ಇಲಿಯ ಜಾತಿಯ ಸಣ್ಣ ಪ್ರಾಣಿಯನ್ನು ಹಿಡಿದು, ನೇರವಾಗಿ ನೋಡುಗನತ್ತ ಮುಖ ಮಾಡಿದೆ. ರಾಜಲಾಂಛನದ ಮೇಲಿನ ಹಕ್ಕಿಯಂತೆ ಕಾಣುವ ಭಂಗಿ. ಕತ್ತಲ ಹಿನ್ನೆಲೆಯಲ್ಲಿ ಬಿಳಿಯ ಗರಿಗಳು ಒಂದೊಂದಾಗಿ ಎಣಿಸಬಹುದಾದಷ್ಟು ಸ್ಪಷ್ಟ. ಕ್ಷಣಪ್ರಭೆಯ ದೀಪವನ್ನು ಇಷ್ಟು ಸಾರ್ಥಕವಾಗಿ ಬಳಸಿದ ಚಿತ್ರಗಳು ಕಡಿಮೆ. ಜೈನ ಓದುಗನ ಕಣ್ಣು ಮೊದಲು ಹೋಗುವುದು ಆ ಇಲಿಯತ್ತ, ಮನಸ್ಸು ಮುದುಡುತ್ತದೆ. ಆದರೆ ವಿಮರ್ಶೆ ಅಲ್ಲಿಗೇ ನಿಂತರೆ ತಪ್ಪು. ಗೂಬೆಗೆ ಅಣುವ್ರತವಿಲ್ಲ, ಅದರಿಂದ ಅದನ್ನು ಅಪೇಕ್ಷಿಸುವುದು ಹುಡುಗಾಟಿಕೆ. ಆ ಇಲಿಯನ್ನು ಮನುಷ್ಯ ಕೊಟ್ಟದ್ದಲ್ಲ, ಗೂಬೆ ತಾನೇ ತಂದದ್ದು. ತಿಂಗಳುಗಟ್ಟಲೆ ಮರೆಯಲ್ಲಿ ಕುಳಿತು ಕಲಿತವನಿಗೆ ಮಾತ್ರ ಸಿಗುವ ಕ್ಷಣ ಅದು. ಮರೆಗುಡಾರವನ್ನು ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹತ್ತಿರ ತಂದು ಹಕ್ಕಿಗೆ ಅಭ್ಯಾಸ ಮಾಡಿಸುವ ತಾಳ್ಮೆ ಆ ಪೀಳಿಗೆಯವರ ದೊಡ್ಡ ಗುಣ. ಅದೇ ಪೀಳಿಗೆಯ ದೊಡ್ಡ ದೋಷವೂ ಅಲ್ಲಿಯೇ ಇದೆ: ಅವರ ಕ್ಯಾಮೆರಾ ಬಹುಮಟ್ಟಿಗೆ ಗೂಡಿಗೇ ಅಂಟಿಕೊಂಡಿತ್ತು. ಹಕ್ಕಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರಲೇಬೇಕಾದ ಕಾಲವೆಂದರೆ ಮರಿಗಳ ಕಾಲ. ಆ ಅನಿವಾರ್ಯವೇ ಛಾಯಾಗ್ರಾಹಕನ ಅನುಕೂಲ. ಬ್ರಿಟನ್ನಿನಲ್ಲಿ 1981ರ ಕಾಯ್ದೆಯ ತರುವಾಯ ಕಣಜಗೂಬೆಯ ಗೂಡಿನ ಬಳಿ ಇಂತಹ ಕೆಲಸಕ್ಕೆ ಪರವಾನಗಿ ಬೇಕು. ಹಾಸ್ಕಿಂಗ್ 1948ರಲ್ಲಿ ಮುಕ್ತವಾಗಿ ಮಾಡಿದ್ದನ್ನು ಅವರ ದೇಶವೇ ಮುಂದೆ ತಡೆದು ವಿಚಾರಿಸತೊಡಗಿತು.

ಗೂಡಿನ ಚಿತ್ರದಲ್ಲಿ ನಿಜವಾಗಿ ನಡೆಯುವುದೇನೆಂಬುದನ್ನು ಬಿಡಿಸಿ ನೋಡಬೇಕು. ಹಕ್ಕಿ ಗೂಡನ್ನು ಕಟ್ಟುವುದೇ ಕಾಣದಿರಲೆಂದು. ಎಲೆ ಕೊಂಬೆಗಳು ಅಡ್ಡವಿರುತ್ತವೆ. ಸ್ಪಷ್ಟ ಚಿತ್ರ ಬೇಕಾದವನು ಅವುಗಳನ್ನು ಕಡಿಯುತ್ತಾನೆ, ಇಲ್ಲವೆ ದಾರದಿಂದ ಪಕ್ಕಕ್ಕೆ ಎಳೆದು ಕಟ್ಟುತ್ತಾನೆ. ಕಟ್ಟಿದ್ದನ್ನು ಮರಳಿ ಬಿಚ್ಚದೆ ಹೋದರಂತೂ ಮರಿಗಳ ಮೇಲೆ ನೇರ ಬಿಸಿಲು ಬೀಳುತ್ತದೆ. ಕಾಗೆಯ ಕಣ್ಣಿಗೆ ಗೂಡು ಬೀಳುತ್ತದೆ. ಮನುಷ್ಯ ಹತ್ತಿರವಿರುವಷ್ಟು ಹೊತ್ತು ತಾಯಿತಂದೆ ಹಕ್ಕಿಗಳು ದೂರ ಉಳಿಯುತ್ತವೆ, ಮೊಟ್ಟೆ ತಣ್ಣಗಾಗುತ್ತದೆ, ಮರಿ ಹಸಿಯುತ್ತದೆ. ಒಬ್ಬನ ಚಿತ್ರ ಹತ್ತು ಜನಕ್ಕೆ ಜಾಗವನ್ನು ತೋರಿಸಿಕೊಡುತ್ತದೆ, ಮರುದಿನ ಹತ್ತು ಜನ ಬರುತ್ತಾರೆ.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವು ಮುಖ್ಯವಾಗಿ ಮನೆಯ ದನಕರುಗಳನ್ನೂ ಆಳುಕಾಳುಗಳನ್ನೂ ನಡೆಸಿಕೊಳ್ಳುವ ರೀತಿಗೆ ಸಂಬಂಧಿಸಿದವೆಂದು ತಿಳಿದು ಓದುಗರು ಮುಂದೆ ಸಾಗುವುದುಂಟು. ಐದನೆಯದನ್ನು ಮರಿಗಳಿರುವ ಗೂಡಿನ ಮುಂದೆ ನಿಂತು ಓದಿದರೆ ಅದರ ಅರ್ಥ ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ. ಗುಟುಕು ಹಿಡಿದು ಬಂದ ಹಕ್ಕಿಯನ್ನು ಗೂಡಿಗಿಳಿಯದಂತೆ ತಡೆದು ನಿಂತವನು ಹಗ್ಗ ಹಿಡಿದಿಲ್ಲ, ಕೋಲು ಹಿಡಿದಿಲ್ಲ. ಅನ್ನವನ್ನು ಮಾತ್ರ ತಡೆದಿದ್ದಾನೆ. ತನಗೆ ಕೇಡಿನ ಉದ್ದೇಶವಿರಲಿಲ್ಲ ಎಂದು ಅವನು ಹೇಳಿದರೆ ಅದು ನಿಜವೇ ಇರಬಹುದು. ಆದರೆ ಹಿಂಸೆಯ ಮೂಲವನ್ನು ಆಚಾರ್ಯರು ಪ್ರಮಾದದಲ್ಲಿ ಕಂಡಿದ್ದಾರೆ. ಎಚ್ಚರತಪ್ಪಿದ ನಡೆಯಲ್ಲಿ ಜೀವ ಸತ್ತರೂ ಸಾಯದಿದ್ದರೂ ಹಿಂಸೆ ಇದ್ದೇ ಇದೆಯೆಂಬ ಮಾತನ್ನು ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಬಿಡಿಸಿ ಹೇಳಿದ್ದಾರೆ. ಮರಿ ಬದುಕಿಕೊಂಡಿತೆಂಬುದು ಛಾಯಾಗ್ರಾಹಕನ ಪುಣ್ಯವಲ್ಲ, ಮರಿಯ ಆಯುಷ್ಯ.

ದೇಶದ ಕಾನೂನೂ ಈ ವಿಷಯದಲ್ಲಿ ಧರ್ಮಶಾಸ್ತ್ರಕ್ಕೆ ಬಹಳ ಹತ್ತಿರ ಬಂದಿದೆಯೆಂಬುದು ಅನೇಕರಿಗೆ ತಿಳಿಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದಕ್ಕೆ ಕೊಟ್ಟಿರುವ ಅರ್ಥವಿವರಣೆಯೊಳಗೆ ಕೊಲ್ಲುವುದು, ಹಿಡಿಯುವುದು, ಬಲೆಯೊಡ್ಡುವುದರ ಜೊತೆಗೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದೂ, ಮೊಟ್ಟೆ ಅಥವಾ ಗೂಡನ್ನು ಕಲಕುವುದೂ ಸೇರಿವೆ. ಕೊಂಬೆಯನ್ನು ಎಳೆದು ಕಟ್ಟಿದ ಕೈ ಈ ವಿವರಣೆಯ ಹೊರಗೆ ಉಳಿಯುವುದು ಕಷ್ಟ. ಕ್ಯಾಲೆಂಡರಿನ ಮೇಲೆ ಜೀವದಯೆಯ ಸಾಲು ಅಚ್ಚಾಗುವಾಗ ಅದರ ಮೇಲಿನ ಚಿತ್ರ ಇಂತಹ ಬೇಟೆಯ ಫಲವಾಗಿರಬಹುದೆಂಬುದು ಸಣ್ಣ ಸಂಗತಿಯಲ್ಲ.

ಗೂಡನ್ನು ಬಿಟ್ಟು ಆಕಾಶಕ್ಕೆ ಬಂದರೆ ಎಲ್ಲವೂ ನಿರ್ದೋಷವಾಗಿಬಿಡುತ್ತದೆಯೆ? ಹಾರುವ ಹಕ್ಕಿಯ ಚಿತ್ರಗಳಲ್ಲಿ ಎರಡು ಬಗೆ. ಒಂದು, ಹಕ್ಕಿ ತಾನೇ ಹಾರಿದುದು. ಇನ್ನೊಂದು, ಹಕ್ಕಿಯನ್ನು ಹಾರಿಸಿದುದು. ಎರಡನ್ನೂ ಒಂದೇ ಸಾಲಿನಲ್ಲಿ ತೂಗುಹಾಕುವ ವಿಮರ್ಶೆ ಕುರುಡು.

ಗದಗ ಜಿಲ್ಲೆಯ ಮಾಗಡಿ ಕೆರೆಯ ನಿದರ್ಶನ ಈ ಓದುಗರಿಗೆ ದೂರದ್ದಲ್ಲ. ಪುರಾತನ ಬಸದಿಗಳ ಲಕ್ಷ್ಮೇಶ್ವರಕ್ಕೆ ಯಾತ್ರೆ ಹೋದವರು ಅಲ್ಲಿಂದ ಈ ಕೆರೆಗೂ ಹೋಗಿಬರಬಹುದು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಈ ಜಾತಿಯ ಹಕ್ಕಿ 7 ಸಾವಿರ ಮೀಟರಿಗೂ ಮೇಲೆ ಹಾರಿದ ದಾಖಲೆಯಿದೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಹೆಬ್ಬಾತುಗಳು ಹಗಲಲ್ಲಿ ಕೆರೆಯ ನೀರಿನಲ್ಲಿ ವಿಶ್ರಮಿಸುತ್ತವೆ, ಸಂಜೆ ಮುಂಜಾನೆಗಳಲ್ಲಿ ಹೊಲಗಳಿಗೆ ಮೇಯಲು ಹೋಗುತ್ತವೆ. ಕ್ಯಾಮೆರಾ ಹೊತ್ತವನಿಗೆ ನಡುಹಗಲಿನಲ್ಲಿ ಕೈಗೆಟಕುವುದು ನೀರಿನ ಮೇಲೆ ತೂಕಡಿಸುವ ಹಕ್ಕಿ. ಅದು ಅವನಿಗೆ ಸಪ್ಪೆ. ಆಗ ಒಂದು ಚಪ್ಪಾಳೆ, ಒಂದು ಕಲ್ಲು, ದಡದ ಮೇಲೆ ನಾಲ್ಕು ಹೆಜ್ಜೆಯ ಓಟ. ಸಾವಿರ ರೆಕ್ಕೆಗಳು ಒಮ್ಮೆಗೇ ಮೇಲೇಳುತ್ತವೆ. ಚಿತ್ರ ರೋಮಾಂಚಕಾರಿ, ಸಂಶಯವಿಲ್ಲ. ಇಂತಹವು ಬಹುಮಾನವನ್ನೂ ಗಳಿಸಬಹುದು.

ಆದರೆ ಲೆಕ್ಕಪತ್ರ ಬಲ್ಲವರು ಇದನ್ನು ಇನ್ನೊಂದು ರೀತಿಯಲ್ಲಿ ನೋಡಬೇಕು. ಹಾರಾಟವೆಂಬುದು ಹಕ್ಕಿಯ ಪಾಲಿಗೆ ಅತಿ ದೊಡ್ಡ ಖರ್ಚು. ಅದರಲ್ಲಿಯೂ ನೀರಿನಿಂದ ಮೇಲೇಳುವ ಮೊದಲ ಕ್ಷಣಗಳು. ಹಿಮಾಲಯವನ್ನು ಮತ್ತೆ ದಾಟಬೇಕಾದ ಹಕ್ಕಿ ಚಳಿಗಾಲವಿಡೀ ಮೇದು ಕೂಡಿಡುವ ಬಂಡವಾಳವೇ ಮೈಯ ಕೊಬ್ಬು. ನೋಡುವವನ ಒಂದು ಚಪ್ಪಾಳೆಗೆ ಆ ಬಂಡವಾಳದಿಂದ ಖರ್ಚು ಬೀಳುತ್ತದೆ. ಒಬ್ಬನ ಚಪ್ಪಾಳೆಯಾದರೆ ಸಹಿಸಬಹುದೇನೋ. ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಬರುವ ಪ್ರತಿ ಗುಂಪೂ ಒಂದೊಂದು ಬಾರಿ ಹಾರಿಸಿದರೆ?

ಹಾರಿದ ಹಕ್ಕಿಯನ್ನೂ ಹಾರಿಸಿದ ಹಕ್ಕಿಯನ್ನೂ ಚಿತ್ರದಲ್ಲೇ ಗುರುತಿಸಲು ಸಾಧ್ಯವೆ ಎಂದು ಕೇಳಬಹುದು. ಬಹಳಷ್ಟು ಬಾರಿ ಸಾಧ್ಯ. ಹೆದರಿದ ಹಕ್ಕಿ ಹೆದರಿಸಿದವನಿಗೆ ಬೆನ್ನು ಕೊಡುತ್ತದೆ. ಚಿತ್ರದಲ್ಲಿ ಬಾಲವೂ ಬೆನ್ನೂ ಮುಂದಾಗಿ, ಮುಖ ಹಿಂದಾಗಿರುತ್ತದೆ. ಹೆದರಿದ ಹಿಂಡಿನಲ್ಲಿ ಸಾಲಿಲ್ಲ, ರೆಕ್ಕೆಗೆ ರೆಕ್ಕೆ ತಾಗುವಂತಿರುತ್ತದೆ. ತಾನಾಗಿ ಹೊರಟ ಹೆಬ್ಬಾತುಗಳಲ್ಲಿ ನಿಧಾನವಾಗಿ ಸಾಲು ಮೂಡುತ್ತದೆ, ಕಾಲುಗಳು ಮಡಿಚಿರುತ್ತವೆ. ಆಕಾಶದಿಂದ ನೀರಿಗಿಳಿಯುವ ಹಕ್ಕಿಯಂತೂ ರೆಕ್ಕೆ ಬಾಲಗಳನ್ನು ಬೀಸಣಿಗೆಯಂತೆ ಹರಡಿ, ಪಾದಗಳನ್ನು ಮುಂದೆ ಚಾಚಿ ಬರುತ್ತದೆ. ಹಕ್ಕಿಯ ಮೈ ಅಷ್ಟು ಪೂರ್ಣವಾಗಿ ತೆರೆದುಕೊಳ್ಳುವ ಇನ್ನೊಂದು ಗಳಿಗೆಯಿಲ್ಲ. ಅಲ್ಲಿ ಅದಕ್ಕೆ ಭಯವೂ ಇಲ್ಲ.

ಇಲ್ಲಿಯೇ ಕಲೆಯೂ ಅಹಿಂಸೆಯೂ ಒಂದೇ ದಾರಿಯಲ್ಲಿ ನಡೆಯುವುದನ್ನು ಕಾಣಬಹುದು. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಮೇಲೇಳುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ಇದನ್ನು ಬಲ್ಲವನು ಸೂರ್ಯನೂ ಗಾಳಿಯೂ ಎರಡೂ ಬೆನ್ನ ಹಿಂದಿರುವ ಜಾಗವನ್ನು ನಸುಕಿನಲ್ಲೇ ಹುಡುಕಿ ಕುಳಿತುಕೊಳ್ಳುತ್ತಾನೆ. ಹೊಲದಿಂದ ಮರಳುವ ಹೆಬ್ಬಾತು ತಾನಾಗಿ ಅವನತ್ತ ಮುಖಮಾಡಿ, ಬೆಳಗಿನ ಬೆಳಕನ್ನು ಮೈಮೇಲೆ ಹೊತ್ತು ಇಳಿಯುತ್ತದೆ. ಕಲ್ಲೆಸೆದವನಿಗೆ ಸಿಕ್ಕಿದ್ದು ಬಾಲ, ಕುಳಿತವನಿಗೆ ಸಿಕ್ಕಿದ್ದು ಕಣ್ಣು. ರೆಕ್ಕೆಯನ್ನು ಸ್ಥಿರವಾಗಿ ಮೂಡಿಸಲು ಸೆಕೆಂಡಿನ 2 ಸಾವಿರದ ಒಂದು ಭಾಗದ ವೇಗ ಬೇಕೆಂಬುದನ್ನು ಕ್ಯಾಮೆರಾದ ಕೈಪಿಡಿ ಕಲಿಸೀತು. ಗಾಳಿಯ ದಿಕ್ಕನ್ನು ಕಲಿಸುವುದು ದಡದ ಮೇಲಿನ ಹುಲ್ಲು.

ಹೊಸ ದೋಷಗಳ ಮಾತು ಬಾಕಿಯಿದೆ. ಮಾರೆಯ ಬಂದೂಕು ಸೆಕೆಂಡಿಗೆ 12 ಚಿತ್ರ ತೆಗೆದರೆ ಇಂದಿನ ಬೆಲೆಬಾಳುವ ಕ್ಯಾಮೆರಾ 20ಕ್ಕೂ ಹೆಚ್ಚು ತೆಗೆಯುತ್ತದೆ, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಸ್ಪಷ್ಟಗೊಳಿಸುತ್ತದೆ. ಒಂದು ಬೆಳಗಿನಲ್ಲಿ ಮೂರು ಸಾವಿರ ಚಿತ್ರಗಳೊಡನೆ ಮನೆಗೆ ಬರುವುದು ಇಂದು ವಿಶೇಷವಲ್ಲ. ಪರಿಗ್ರಹವೆಂದರೆ ಮೂರ್ಛೆ ಎಂದು ತಿಳಿದವರಿಗೆ ಇಷ್ಟು ಹೇಳಿದರೆ ಸಾಕು.

ಇದಕ್ಕಿಂತ ಘೋರವಾದುದು ಆಮಿಷ. ಹದ್ದು, ಗೂಬೆಗಳು ಕ್ಯಾಮೆರಾದ ಮುಂದೆಯೇ ಎರಗಲೆಂದು ಜೀವಂತ ಇಲಿಯನ್ನು ಬಿಡುವ, ಕೆಲವೊಮ್ಮೆ ಓಡಿಹೋಗದಂತೆ ದಾರದಿಂದ ಕಟ್ಟುವ ಪದ್ಧತಿ ಅನೇಕ ದೇಶಗಳಲ್ಲಿ ಕಂಡುಬಂದಿದೆ. ಹಾಸ್ಕಿಂಗ್ ಅವರ ಗೂಬೆಯ ಕೊಕ್ಕಿನಲ್ಲಿದ್ದ ಪ್ರಾಣಿಗೂ ಈ ಇಲಿಗೂ ಇರುವ ಅಂತರ ಚಿತ್ರದಲ್ಲಿ ಕಾಣದೆ ಹೋಗಬಹುದು, ಕರ್ಮದಲ್ಲಿ ಕಾಣದೆ ಹೋಗದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳಲ್ಲಿ ಛಾಯಾಗ್ರಾಹಕ ಎರಡನೆಯವನು. ತಿಳಿದೂ ತಿಳಿದೂ ಅಂತಹ ಚಿತ್ರವನ್ನು ಹಣಕೊಟ್ಟು ಕೊಂಡು ಗೋಡೆಗೆ ತೂಗುಹಾಕುವವನು ಮೂರನೆಯವನು. ಧ್ವನಿಮುದ್ರಿತ ಕೂಗನ್ನು ನುಡಿಸಿ ಹಕ್ಕಿಯನ್ನು ಕರೆಯುವುದು ರಕ್ತವಿಲ್ಲದ ಆಮಿಷ. ಇಲ್ಲದ ಪ್ರತಿಸ್ಪರ್ಧಿಯನ್ನು ಹುಡುಕುತ್ತ ಗಂಡುಹಕ್ಕಿ ಮೇಯುವುದನ್ನೂ ಬಿಟ್ಟು ಸುತ್ತುತ್ತದೆ. ಕನ್ನಡದಲ್ಲಿ 'ಕ್ಯಾಮೆರಾದಲ್ಲಿ ಸೆರೆಹಿಡಿದರು' ಎಂದು ಬರೆಯುವುದು ಸಲೀಸಾದ ರೂಢಿಯಾಗಿದೆ. ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧವೆಂಬುದನ್ನು ನೆನೆದರೆ ಈ ನುಡಿಗಟ್ಟು ಅಷ್ಟು ಸಲೀಸಾಗಿ ಬಾಯಿಗೆ ಬಾರದು.

ಗೂಡುಗಳ ಚಿತ್ರಗಳೇ ಇಲ್ಲದಿದ್ದರೆ ಜನರಲ್ಲಿ ಹಕ್ಕಿಗಳ ಬಗ್ಗೆ ಕನಿಕರ ಹುಟ್ಟುವುದು ಹೇಗೆ ಎಂಬ ಆಕ್ಷೇಪಕ್ಕೆ ತೂಕವಿದೆ. ಬಾಲ್ಯದಲ್ಲಿ ಗಾಳಿಬಂದೂಕಿನಿಂದ ಗುಬ್ಬಿ ಹೊಡೆದ ಹುಡುಗನೇ ಮುಂದೆ ಸಲೀಂ ಅಲಿ ಆಗಿ ಬೆಳೆದರು, ಅವರ ಒತ್ತಾಸೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಕನಿಕರ ಯಾವ ಬಾಗಿಲಿನಿಂದ ಬರುತ್ತದೆಂದು ಮುಂಗಡವಾಗಿ ಹೇಳಲಾಗದು. ಆದರೆ ಗೂಡನ್ನು ತೋರಿಸಲು ಗೂಡನ್ನು ಕಲಕಲೇಬೇಕೆಂಬ ನಿಯಮವೇನೂ ಇಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆಮರಗಳ ನೆತ್ತಿಯಲ್ಲಿ ಗೂಡು ಕಟ್ಟುತ್ತವೆ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ, ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಅಲ್ಲಿನ ಹಕ್ಕಿಗಳು ಮನುಷ್ಯನ ಓಡಾಟವನ್ನು ತಲೆತಲಾಂತರದಿಂದ ಬಲ್ಲವು. ಬೀದಿಯಲ್ಲಿ ನಿಂತು ದೂರದಿಂದ ತೆಗೆದ ಚಿತ್ರದಲ್ಲಿ ಮರವಿಡೀ ಬರುತ್ತದೆ, ಹೆಂಚಿನ ಮಾಡು ಬರುತ್ತದೆ, ಜಗುಲಿಯ ಮೇಲೆ ಕುಳಿತ ಅಜ್ಜಿಯೂ ಬರಬಹುದು. ಹಕ್ಕಿ ಚಿಕ್ಕದಾಗಿ ಕಾಣುತ್ತದೆ, ನಿಜ. ಸಹಜ ನೆಲೆಯ ಚಿತ್ರವೆಂಬ ಹೆಸರಿಗೆ ಹೆಚ್ಚು ಅರ್ಹವಾದುದು ಇದೇ. ಹಿನ್ನೆಲೆಯನ್ನೆಲ್ಲ ಮಸುಕಾದ ಹಸಿರು ಬಣ್ಣವಾಗಿ ಕರಗಿಸಿ, ಕಣ್ಣರೆಪ್ಪೆ ಎಣಿಸುವಷ್ಟು ಹತ್ತಿರದಿಂದ ತೆಗೆದ ಮುಖಚಿತ್ರದಲ್ಲಿ ಹಕ್ಕಿ ಉಂಟು, ಅದರ ನೆಲೆ ಇಲ್ಲ. ಅದನ್ನು ಮೃಗಾಲಯದ ಪಂಜರದಲ್ಲಿಯೂ ತೆಗೆಯಬಹುದು.

ಅಚ್ಚುಕೂಟಕ್ಕೆ ಚಿತ್ರ ಕಳಿಸುವ ಮುನ್ನ ಆಡಳಿತ ಮಂಡಳಿಗಳು ಚಿತ್ರದ ಹಕ್ಕುದಾರನಿಂದ ಒಪ್ಪಿಗೆಪತ್ರ ಪಡೆಯುವುದು ಈಗ ರೂಢಿಗೆ ಬಂದಿದೆ. ಅದೇ ಹಾಳೆಯಲ್ಲಿ ಇನ್ನೆರಡು ಸಾಲುಗಳಿಗೆ ಜಾಗವಿದೆ: ಚಿತ್ರವನ್ನು ಎಲ್ಲಿ, ಎಷ್ಟು ದೂರದಿಂದ, ಎಷ್ಟು ಹೊತ್ತು ಕಾದು ತೆಗೆಯಲಾಯಿತು, ಹಕ್ಕಿಯನ್ನು ಕರೆಯಲು, ಹಾರಿಸಲು ಅಥವಾ ಗೂಡನ್ನು ತೆರೆಯಲು ಏನಾದರೂ ಮಾಡಲಾಯಿತೆ. ಪ್ರಾಮಾಣಿಕನಾದ ಛಾಯಾಗ್ರಾಹಕ ಇದಕ್ಕೆ ಸಂತೋಷದಿಂದ ಉತ್ತರ ಬರೆಯುತ್ತಾನೆ. ತಾನು ಕಾದ ಗಂಟೆಗಳನ್ನು ಯಾರಾದರೂ ಕೇಳಲೆಂದೇ ಅವನು ಕಾಯುತ್ತಿರುತ್ತಾನೆ. ಉತ್ತರ ಬಾರದ ಚಿತ್ರವನ್ನು ಮರಳಿಸಿ, ಆ ತಿಂಗಳ ಪುಟಕ್ಕೆ ಬಸದಿಯ ಮಾನಸ್ತಂಭದ ಮೇಲೆ ತಾನಾಗಿ ಬಂದು ಕುಳಿತ ಪಾರಿವಾಳದ ಚಿತ್ರವನ್ನು ಹಾಕಿದರೆ ನಷ್ಟವೇನೂ ಇಲ್ಲ.